ಮಕ್ಕಳೊಂದಿಗೆ ಮೈಸೂರು ನಗರ ಪ್ರವಾಸ: ಕುಟುಂಬಗಳಿಗೆ ಮಾಹಿತಿ ಮತ್ತು ಮಾರ್ಗಸೂಚಿ

1. ಪೀಠಿಕೆ

ಶಾಲಾ ರಜೆಯ ದಿನಗಳಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಬರುತ್ತವೆ. ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಶ್ರೀರಂಗಪಟ್ಟಣ ಹಾಗೂ ಬೃಂದಾವನ ಉದ್ಯಾನ, ಈ ಐದನ್ನೂ ಒಂದೇ ದಿನದಲ್ಲಿ ನೋಡಿ ರಾತ್ರಿಯೇ ಊರಿಗೆ ಹಿಂದಿರುಗುವ ವಾಡಿಕೆ ಹಿಂದಿನಿಂದಲೂ ಇದೆ. ಹಿರಿಯರಿಗೆ ಇದು ಸಾಧ್ಯವಾಗಬಹುದು. ಆದರೆ ಮಕ್ಕಳಿಗೆ ಹೊಂದುವಂಥದ್ದಲ್ಲ. ದಣಿದ ಮಗು ಏನನ್ನೂ ನೋಡುವುದಿಲ್ಲ, ಊಟ ಮಾಡುವುದಿಲ್ಲ, ಹಠ ಹಿಡಿಯುತ್ತದೆ, ಕೈ ಬಿಡಿಸಿಕೊಂಡು ಓಡುತ್ತದೆ. ಸಂಜೆಯ ಜನಸಂದಣಿಯಲ್ಲಿ ಹಿರಿಯರ ಗಮನ ಸಡಿಲಗೊಳ್ಳುವುದೂ ಅದೇ ಹೊತ್ತಿಗೆ.

ಆದ್ದರಿಂದ ಕುಟುಂಬದ ಪ್ರವಾಸವನ್ನು ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಆರಂಭಿಸದೆ, ಕುಟುಂಬದ ಅತಿ ಕಿರಿಯ ಸದಸ್ಯರ ಶಕ್ತಿಯನ್ನು ಅಳತೆಗೋಲಾಗಿ ಇಟ್ಟುಕೊಂಡು ಯೋಜಿಸುವುದು ಸೂಕ್ತ. ದಿನವೊಂದಕ್ಕೆ ಎರಡು ಸ್ಥಳಗಳು, ಅವುಗಳ ನಡುವೆ ಮಧ್ಯಾಹ್ನದ ವಿಶ್ರಾಂತಿ ಎಂಬುದು ಈ ಮಾರ್ಗಸೂಚಿಯ ಮೂಲ ನಿಯಮ. ಪ್ರಯಾಣ, ದಾಖಲೆಗಳು, ವಾರದ ರಜೆಗಳು, ದಿನಚರಿ, ವೆಚ್ಚ ಹಾಗೂ ಮಕ್ಕಳ ಸುರಕ್ಷತೆಯ ಬಗ್ಗೆ ಸಾರ್ವಜನಿಕರಿಗೆ ಅಗತ್ಯವಿರುವ ಮಾಹಿತಿಯನ್ನು ಮುಂದಿನ ಕಂಡಿಕೆಗಳಲ್ಲಿ ನೀಡಲಾಗಿದೆ.

2. ಪ್ರವಾಸದ ಕಾಲವನ್ನು ನಿರ್ಧರಿಸುವುದು

ಮೈಸೂರಿನ ಹವೆ ವರ್ಷದ ಬಹುಪಾಲು ಹಿತಕರವಾಗಿರುತ್ತದೆ. ಆದರೂ ಮಕ್ಕಳೊಂದಿಗೆ ಬರುವವರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

ಅ) ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆಯಲ್ಲಿ ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಬಿಸಿಲು ತೀಕ್ಷ್ಣವಾಗಿರುತ್ತದೆ. ಈ ಅವಧಿಯಲ್ಲಿ ಬಯಲಿನ ಸ್ಥಳಗಳನ್ನು ಇಟ್ಟುಕೊಳ್ಳಬಾರದು. ಸಂಜೆಯ ಹೊತ್ತಿಗೆ ಗುಡುಗು ಸಹಿತ ಮಳೆಯೂ ಬರುವುದುಂಟು.

ಆ) ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನಗರದೊಳಗಿನ ಸ್ಥಳಗಳಿಗೆ ತೊಂದರೆಯಿಲ್ಲ. ಕಾವೇರಿ ನದಿ ತೀರದ ಸ್ಥಳಗಳಿಗೆ ಹೋಗುವವರು ಕಂಡಿಕೆ 9ನ್ನು ತಪ್ಪದೆ ಓದುವುದು.

ಇ) ಆಷಾಢ ಮಾಸದ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಅಪಾರ ಸಂಖ್ಯೆಯಲ್ಲಿ ಭಕ್ತರು ಬರುತ್ತಾರೆ. ಚಿಕ್ಕ ಮಕ್ಕಳಿರುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಒಳಿತು.

ಈ) ದಸರಾ ಅವಧಿಯಲ್ಲಿ ವಸತಿಯ ಬೇಡಿಕೆ ಹಾಗೂ ದರಗಳೆರಡೂ ಏರುತ್ತವೆ. ದಸರಾ ನೋಡಲೆಂದೇ ಬರುವವರಿಗಾಗಿ ಕಂಡಿಕೆ 8ರಲ್ಲಿ ಪ್ರತ್ಯೇಕ ಸೂಚನೆಗಳಿವೆ.

3. ವಾರದ ರಜೆಗಳು: ಮೊದಲು ನೋಡಬೇಕಾದ ವಿಷಯ

ಮಗುವಿಗೆ ಆನೆ ತೋರಿಸುವುದಾಗಿ ಹೇಳಿ ಕರೆತಂದ ದಿನವೇ ಮೃಗಾಲಯದ ಬಾಗಿಲು ಮುಚ್ಚಿದ್ದರೆ ಆಗುವ ನಿರಾಶೆ ಚಿಕ್ಕದಲ್ಲ. ಹೊರಡುವ ದಿನಾಂಕವನ್ನು ಗೊತ್ತುಪಡಿಸುವ ಮುನ್ನ ಈ ಪಟ್ಟಿಯನ್ನು ನೋಡಿಕೊಳ್ಳುವುದು.

ಶ್ರೀ ಚಾಮರಾಜೇಂದ್ರ ಮೃಗಾಲಯ: ಮಂಗಳವಾರ ರಜೆ. ಬೆಳಗ್ಗೆ 8.30ಕ್ಕೆ ತೆರೆಯುತ್ತದೆ.

ಕಾರಂಜಿ ಕೆರೆ ಪ್ರಕೃತಿ ಉದ್ಯಾನ: ಮಂಗಳವಾರ ರಜೆ.

ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ: ಸೋಮವಾರ ರಜೆ.

ಅರಮನೆ: ವಾರದ ಎಲ್ಲ ದಿನಗಳಲ್ಲೂ ಬೆಳಗ್ಗೆ 10ರಿಂದ ಸಂಜೆ 5.30ರವರೆಗೆ. ದೀಪಾಲಂಕಾರವು ಭಾನುವಾರ ಹಾಗೂ ಸರ್ಕಾರಿ ರಜಾ ದಿನಗಳಂದು ಸಂಜೆ ಸುಮಾರು 7 ಗಂಟೆಗೆ.

ರೈಲು ವಸ್ತುಸಂಗ್ರಹಾಲಯ: ಇಲ್ಲಿಯೂ ವಾರಕ್ಕೊಂದು ರಜೆಯಿದ್ದು, ಹೋಗುವ ಮುನ್ನ ಅಂದಿನ ವೇಳೆಯನ್ನು ಖಚಿತಪಡಿಸಿಕೊಳ್ಳುವುದು.

ದಸರಾ ಹಾಗೂ ಇತರ ವಿಶೇಷ ಸಂದರ್ಭಗಳಲ್ಲಿ ಈ ರಜೆಗಳು ಹಾಗೂ ವೇಳೆಗಳು ಬದಲಾಗುತ್ತವೆ. ಹಿಂದಿನ ದಿನ ಸಂಬಂಧಿಸಿದ ಸಂಸ್ಥೆಯ ಜಾಲತಾಣವನ್ನು ನೋಡುವುದು ಅಥವಾ ದೂರವಾಣಿ ಮೂಲಕ ವಿಚಾರಿಸುವುದು ಅವಶ್ಯಕ. ಮೃಗಾಲಯ ಹಾಗೂ ಅರಮನೆಯ ಪ್ರವೇಶ ಚೀಟಿಗಳನ್ನು ಆನ್‌ಲೈನ್ ಮೂಲಕ ಪಡೆಯಬಹುದಾಗಿದ್ದು, ಇದರಿಂದ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಅಗತ್ಯ ತಪ್ಪುತ್ತದೆ.

4. ಪ್ರಯಾಣ ಮತ್ತು ಮಕ್ಕಳ ಟಿಕೆಟ್ ನಿಯಮಗಳು

ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿ.ಮೀ. ದೂರವಿದೆ. ರೈಲು, ಬಸ್ಸು, ಸ್ವಂತ ವಾಹನ ಈ ಮೂರೂ ಅನುಕೂಲಕರವಾಗಿವೆ.

ಮಗು ಎಂಬ ಪದಕ್ಕೆ ಎಲ್ಲ ಸಂಸ್ಥೆಗಳಲ್ಲಿಯೂ ಒಂದೇ ವಯೋಮಿತಿ ಇರುವುದಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸುವುದು.

ರೈಲು: 5 ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಆಸನ ಅಥವಾ ಬರ್ತ್ ಕೋರದಿದ್ದಲ್ಲಿ ಟಿಕೆಟ್ ಬೇಕಾಗಿಲ್ಲ. 5 ವರ್ಷ ತುಂಬಿದ, 12 ವರ್ಷ ತುಂಬದ ಮಕ್ಕಳಿಗೆ ಕಾಯ್ದಿರಿಸಿದ ಬೋಗಿಗಳಲ್ಲಿ ಪ್ರತ್ಯೇಕ ಆಸನ ಅಥವಾ ಬರ್ತ್ ಬೇಕಿದ್ದಲ್ಲಿ ಪೂರ್ಣ ದರ ತೆರಬೇಕು. ಈ ನಿಯಮ 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕಾಯ್ದಿರಿಸದ ಬೋಗಿಯಲ್ಲಿ ಈ ವಯಸ್ಸಿನವರಿಗೆ ಅರ್ಧ ದರ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 60 ದಿನಗಳಿಗೆ ಇಳಿಸಲಾಗಿದೆ. ಹಿರಿಯ ನಾಗರಿಕರಿಗೆ ಇದ್ದ ರೈಲು ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂಪಡೆಯಲಾಗಿರುವುದರಿಂದ ಅಜ್ಜ ಅಜ್ಜಿಯರಿಗೂ ಪೂರ್ಣ ದರವನ್ನೇ ಲೆಕ್ಕ ಹಿಡಿಯುವುದು.

ರಾಜ್ಯ ರಸ್ತೆ ಸಾರಿಗೆ ಬಸ್ಸು: 6 ವರ್ಷದೊಳಗಿನ ಮಕ್ಕಳಿಗೆ ಉಚಿತ. 6ರಿಂದ 12 ವರ್ಷದವರೆಗೆ ಅರ್ಧ ಟಿಕೆಟ್. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ನಿವಾಸಿಗಳಾದ ಮಹಿಳೆಯರು ಹಾಗೂ ಬಾಲಕಿಯರು ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ಪಡೆದು ಪ್ರಯಾಣಿಸಬಹುದು. ರಾಜಹಂಸ, ಐರಾವತ ಮುಂತಾದ ಐಷಾರಾಮಿ ಬಸ್ಸುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿಯನ್ನು ನಿರ್ವಾಹಕರಿಗೆ ತೋರಿಸಬೇಕು.

ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳು: 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಈ ಇಲಾಖೆಯ ಸಂರಕ್ಷಣೆಯಲ್ಲಿದೆ.

ಸ್ವಂತ ವಾಹನ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಿಗೆ ನಿಷೇಧವಿದೆ. ಈ ವಾಹನಗಳು ಸರ್ವಿಸ್ ರಸ್ತೆಯನ್ನು ಬಳಸಬೇಕು. ಹೆದ್ದಾರಿಯು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಪಟ್ಟಣಗಳ ಹೊರಗಿನಿಂದ ಸಾಗುವುದರಿಂದ ಉಪಾಹಾರಕ್ಕಾಗಲಿ ಶೌಚಾಲಯಕ್ಕಾಗಲಿ ಮುಖ್ಯ ಪಥವನ್ನು ಬಿಟ್ಟು ಇಳಿಯಬೇಕಾಗುತ್ತದೆ. ಚಿಕ್ಕ ಮಕ್ಕಳಿದ್ದಲ್ಲಿ ಎಲ್ಲಿ ಇಳಿಯಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು. ಹೆದ್ದಾರಿಯ ಅಂಚಿನಲ್ಲಿ ವಾಹನ ನಿಲ್ಲಿಸಿ ಮಕ್ಕಳನ್ನು ಕೆಳಗಿಳಿಸುವುದು ಪ್ರಾಣಾಪಾಯಕಾರಿ. 14 ವರ್ಷದೊಳಗಿನ ಮಗುವಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಆಸನದ ರಕ್ಷಣೆ ಒದಗಿಸದಿರುವುದು ಮೋಟಾರು ವಾಹನ ಕಾಯ್ದೆಯಡಿ 1,000 ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ.

5. ಜೊತೆಯಲ್ಲಿರಬೇಕಾದ ದಾಖಲೆಗಳು ಮತ್ತು ವಸ್ತುಗಳು

ಅ) ವಸತಿಗೃಹದಲ್ಲಿ ತೋರಿಸಲು ವಯಸ್ಕರೆಲ್ಲರ ಗುರುತಿನ ಚೀಟಿ.

ಆ) ಮಕ್ಕಳ ವಯಸ್ಸನ್ನು ದೃಢಪಡಿಸುವ ಆಧಾರ್, ಶಾಲೆಯ ಗುರುತಿನ ಚೀಟಿ ಅಥವಾ ಜನನ ಪ್ರಮಾಣ ಪತ್ರದ ಪ್ರತಿ.

ಇ) ಮಗು ನಿತ್ಯ ಸೇವಿಸುವ ಔಷಧಿಗಳು ಹಾಗೂ ವೈದ್ಯರ ಚೀಟಿ. ಜ್ವರದ ಔಷಧಿ, ಓ.ಆರ್.ಎಸ್. ಪೊಟ್ಟಣಗಳು, ಗಾಯಕ್ಕೆ ಕಟ್ಟುವ ಪಟ್ಟಿ.

ಈ) ಟೋಪಿ, ಒಂದು ಜೊತೆ ಹೆಚ್ಚುವರಿ ಉಡುಪು, ಸುಲಭವಾಗಿ ಬಿಚ್ಚಿ ತೊಡಬಹುದಾದ ಪಾದರಕ್ಷೆ. ಅರಮನೆ ಹಾಗೂ ದೇವಾಲಯಗಳಲ್ಲಿ ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾಗುವುದರಿಂದ ಲೇಸು ಕಟ್ಟುವ ಬೂಟುಗಳು ಅನನುಕೂಲ.

ಉ) ಮನೆಯಿಂದಲೇ ತುಂಬಿಸಿಕೊಂಡ ನೀರಿನ ಸ್ಟೀಲ್ ಬಾಟಲಿ. ಮೃಗಾಲಯದಲ್ಲಿ ಪ್ಲಾಸ್ಟಿಕ್ ನಿಯಂತ್ರಣವಿದ್ದು, ಪ್ರವೇಶ ದ್ವಾರದಲ್ಲಿ ಚೀಲಗಳನ್ನು ತಪಾಸಣೆ ಮಾಡಲಾಗುತ್ತದೆ.

6. ಮಕ್ಕಳಿಗೆ ಸೂಕ್ತವಾದ ಸ್ಥಳಗಳು

6.1 ಶ್ರೀ ಚಾಮರಾಜೇಂದ್ರ ಮೃಗಾಲಯ

1892ರಲ್ಲಿ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಕಾಲದಲ್ಲಿ ಸ್ಥಾಪನೆಯಾದ ಈ ಮೃಗಾಲಯವು ದೇಶದ ಹಳೆಯ ಮೃಗಾಲಯಗಳಲ್ಲೊಂದು. ಜಿರಾಫೆ, ಆನೆ, ಘೇಂಡಾಮೃಗ, ಹುಲಿ, ಸಿಂಹಗಳ ಜೊತೆಗೆ 2021ರಲ್ಲಿ ಜರ್ಮನಿಯಿಂದ ತರಲಾದ ಗೊರಿಲ್ಲಾಗಳೂ ಇಲ್ಲಿವೆ. ಪೂರ್ಣ ಸುತ್ತಿಗೆ ಸುಮಾರು 3 ಕಿ.ಮೀ. ನಡೆಯಬೇಕಾಗುತ್ತದೆ. ಆರು ವರ್ಷದೊಳಗಿನ ಮಗುವಿಗೆ ಇದು ದೀರ್ಘ ನಡಿಗೆ. ನಡೆಯಲಾಗದವರಿಗೆ ಬ್ಯಾಟರಿ ಚಾಲಿತ ವಾಹನಗಳ ಸೌಲಭ್ಯವಿದೆ.

ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಪ್ರವೇಶಿಸುವುದು ಉತ್ತಮ. ಆ ಹೊತ್ತಿನಲ್ಲಿ ಬಿಸಿಲು ಕಡಿಮೆ, ಪ್ರಾಣಿಗಳೂ ಚಟುವಟಿಕೆಯಿಂದಿರುತ್ತವೆ. ಮಧ್ಯಾಹ್ನ ಅವು ನೆರಳಿನಲ್ಲಿ ಮಲಗುವುದರಿಂದ ಮಕ್ಕಳಿಗೆ ಕಾಣಸಿಗುವುದು ಕಡಿಮೆ. ಪ್ರಾಣಿಗಳಿಗೆ ಆಹಾರ ನೀಡುವುದು, ಕೂಗುವುದು, ಕಲ್ಲೆಸೆಯುವುದು ನಿಷಿದ್ಧ. ಮಗುವನ್ನು ಕಟಕಟೆಯ ಮೇಲೆ ಕೂರಿಸಿ ಛಾಯಾಚಿತ್ರ ತೆಗೆಯಬಾರದು.

6.2 ಕಾರಂಜಿ ಕೆರೆ ಮತ್ತು ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ

ಮೃಗಾಲಯದ ಸಮೀಪದಲ್ಲಿಯೇ ಕಾರಂಜಿ ಕೆರೆಯಿದೆ. ಒಳಗೇ ನಡೆದಾಡಿ ಹಕ್ಕಿಗಳನ್ನು ನೋಡಬಹುದಾದ ದೊಡ್ಡ ಪಕ್ಷಿಧಾಮ, ಚಿಟ್ಟೆ ಉದ್ಯಾನ ಹಾಗೂ ದೋಣಿ ವಿಹಾರ ಇಲ್ಲಿನ ಆಕರ್ಷಣೆಗಳು. ದೋಣಿಯಲ್ಲಿ ಎಲ್ಲರೂ, ವಿಶೇಷವಾಗಿ ಮಕ್ಕಳು, ಜೀವರಕ್ಷಕ ಕವಚ ಧರಿಸುವುದು ಕಡ್ಡಾಯವೆಂದು ಭಾವಿಸುವುದು. ಕೆರೆಯ ದಂಡೆಯಲ್ಲಿರುವ, 1995ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯವು ಸಸ್ಯ, ಪ್ರಾಣಿ ಹಾಗೂ ಭೂವಿಜ್ಞಾನದ ಪಾಠಗಳನ್ನು ಮಾದರಿಗಳ ಮೂಲಕ ತೋರಿಸುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಉಪಯುಕ್ತ. ಮಳೆ ಬಂದ ದಿನವೂ ಇಲ್ಲಿ ಕಾಲ ಕಳೆಯಬಹುದು.

6.3 ಅರಮನೆ

1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಈಗಿನ ಅರಮನೆಯನ್ನು ನಿರ್ಮಿಸಲಾಗಿದ್ದು, 1912ರಲ್ಲಿ ಪೂರ್ಣಗೊಂಡಿತು. ಮಕ್ಕಳಿಗೆ ಕಟ್ಟಡದ ಇತಿಹಾಸವನ್ನು ದೀರ್ಘವಾಗಿ ವಿವರಿಸುವುದಕ್ಕಿಂತ, ಹುಡುಕಲು ಕೆಲವು ವಸ್ತುಗಳನ್ನು ಹೇಳುವುದು ಹೆಚ್ಚು ಫಲಕಾರಿ. ಗೊಂಬೆ ತೊಟ್ಟಿಯ ಗೊಂಬೆಗಳು, ಚಿನ್ನದ ಅಂಬಾರಿ, ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿಯಲ್ಲಿರುವ ನವಿಲುಗಳು, ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳಲ್ಲಿ ಕಾಣುವ ಆನೆ ಕುದುರೆಗಳು, ಇವನ್ನು ಹುಡುಕುತ್ತಾ ಹೋಗುವ ಮಗು ಬೇಸರವಿಲ್ಲದೆ ಒಂದು ಗಂಟೆ ನಡೆಯುತ್ತದೆ.

ದೀಪಾಲಂಕಾರದ ಸಂಜೆ ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಬೆಳಗುತ್ತವೆ. ಆ ಕ್ಷಣದಲ್ಲಿ ಎಲ್ಲರ ದೃಷ್ಟಿಯೂ ಅರಮನೆಯತ್ತ ಇರುತ್ತದೆ. ಮಗುವಿನ ಕೈ ಹಿಡಿದುಕೊಂಡಿರಬೇಕಾದ ಕ್ಷಣವೂ ಅದೇ.

6.4 ಚಾಮುಂಡಿ ಬೆಟ್ಟ

ನಗರದಿಂದ ರಸ್ತೆಯ ಮೂಲಕ ಸುಮಾರು 13 ಕಿ.ಮೀ. ದೂರದಲ್ಲಿದೆ. ನಗರ ಬಸ್ ನಿಲ್ದಾಣದಿಂದ ಬಸ್ಸುಗಳಿವೆ. ಬೆಟ್ಟದ ಪಾದದಿಂದ ಸುಮಾರು ಸಾವಿರ ಮೆಟ್ಟಿಲುಗಳಿದ್ದು, ಮೇಲೆ ಹತ್ತುವ ದಾರಿಯಲ್ಲಿ ಏಕಶಿಲೆಯ ಬೃಹತ್ ನಂದಿ ಸಿಗುತ್ತದೆ. ಇದು ದೊಡ್ಡ ದೇವರಾಜ ಒಡೆಯರ್ ಅವರ ಕಾಲದ್ದು. ಚಿಕ್ಕ ಮಕ್ಕಳು ಮೆಟ್ಟಿಲು ಹತ್ತುವುದು ಕಷ್ಟ. ಬಸ್ಸಿನಲ್ಲಿ ಮೇಲೆ ಹೋಗಿ, ದೇವಿಯ ದರ್ಶನ ಮುಗಿಸಿ, ನಂದಿಯವರೆಗೆ ಮಾತ್ರ ಮೆಟ್ಟಿಲಿಳಿದು, ಅಲ್ಲಿಂದ ವಾಹನದಲ್ಲಿ ಹಿಂದಿರುಗುವುದು ಅನುಕೂಲಕರ. ಕೋತಿಗಳ ಕಾಟವಿರುವುದರಿಂದ ತಿನಿಸುಗಳನ್ನು ಮಕ್ಕಳ ಕೈಯಲ್ಲಿ ಕೊಡಬಾರದು.

6.5 ರೈಲು ವಸ್ತುಸಂಗ್ರಹಾಲಯ

1979ರಲ್ಲಿ ಆರಂಭವಾದ ಈ ಸಂಗ್ರಹಾಲಯ ರೈಲು ನಿಲ್ದಾಣಕ್ಕೆ ಹತ್ತಿರದಲ್ಲಿದೆ. ಹಳೆಯ ಉಗಿಬಂಡಿಗಳು, ಮಹಾರಾಣಿಯವರ ಸಲೂನ್ ಗಾಡಿ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಕಾರು ಹಾಗೂ ಮಕ್ಕಳ ಪುಟಾಣಿ ರೈಲು ಇಲ್ಲಿವೆ. ಒಂದೂವರೆ ಗಂಟೆಯ ಬಿಡುವಿದ್ದರೆ ಸಾಕು. ರೈಲಿನಲ್ಲಿ ಬಂದಿಳಿದ ದಿನ ಅಥವಾ ಹಿಂದಿರುಗುವ ದಿನ ಇದನ್ನು ಸೇರಿಸಿಕೊಳ್ಳಬಹುದು.

7. ಮಾದರಿ ದಿನಚರಿ

ಮೇಲ್ಕಂಡ ರಜೆಗಳನ್ನು ಗಮನದಲ್ಲಿಟ್ಟುಕೊಂಡು, ಶನಿವಾರದಿಂದ ಸೋಮವಾರದವರೆಗಿನ ಪ್ರವಾಸಕ್ಕೆ ಈ ಕೆಳಕಂಡ ಮಾದರಿಯನ್ನು ಸೂಚಿಸಲಾಗಿದೆ.

ಶನಿವಾರ: ಮಧ್ಯಾಹ್ನದೊಳಗೆ ತಲುಪಿ ಊಟ, ವಿಶ್ರಾಂತಿ. 3 ಗಂಟೆಯ ನಂತರ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ ಹಾಗೂ ಪಕ್ಕದ ಕಾರಂಜಿ ಕೆರೆ. ರಾತ್ರಿ ಬೇಗ ಮಲಗುವುದು.

ಭಾನುವಾರ: ಬೆಳಗ್ಗೆ 7.30ಕ್ಕೆ ಹೊರಟು ಚಾಮುಂಡಿ ಬೆಟ್ಟ. 11 ಗಂಟೆಯೊಳಗೆ ಹಿಂದಿರುಗಿ ಊಟ, ಮಕ್ಕಳಿಗೆ ನಿದ್ರೆ. 3.30ಕ್ಕೆ ಅರಮನೆಯ ಒಳಾಂಗಣ. ಹೊರಬಂದು ಲಘು ಉಪಾಹಾರ ಮುಗಿಸಿ 7 ಗಂಟೆಗೆ ದೀಪಾಲಂಕಾರ.

ಸೋಮವಾರ: ಬೆಳಗ್ಗೆ 8.30ಕ್ಕೆ ಮೃಗಾಲಯ. ಭಾನುವಾರಕ್ಕಿಂತ ಜನಸಂದಣಿ ಕಡಿಮೆ. ಮಧ್ಯಾಹ್ನದ ಊಟದ ನಂತರ ಊರಿಗೆ ಪ್ರಯಾಣ.

ಸೋಮವಾರ ಶಾಲೆಗೆ ರಜೆ ಇಲ್ಲದವರು ಶನಿವಾರ ಮುಂಜಾನೆಯೇ ತಲುಪಿ ಬೆಳಗಿನ ಹೊತ್ತು ಮೃಗಾಲಯ, ಸಂಜೆ ಕಾರಂಜಿ ಕೆರೆಯನ್ನು ನೋಡಿ, ಭಾನುವಾರ ಅರಮನೆಯನ್ನು ಮಾತ್ರ ಇಟ್ಟುಕೊಳ್ಳಬಹುದು. ಬೆಟ್ಟವನ್ನು ಮುಂದಿನ ಬಾರಿಗೆ ಬಿಡುವುದರಿಂದ ನಷ್ಟವೇನೂ ಇಲ್ಲ.

ಹತ್ತು ವರ್ಷ ಮೀರಿದ ಮಕ್ಕಳಿರುವ ಕುಟುಂಬಗಳು ಒಂದು ದಿನ ಹೆಚ್ಚಿಗೆ ಉಳಿದು ಶ್ರೀರಂಗಪಟ್ಟಣ ಹಾಗೂ ರಂಗನತಿಟ್ಟು ಪಕ್ಷಿಧಾಮವನ್ನು ನೋಡಬಹುದು. ಬೃಂದಾವನ ಉದ್ಯಾನ ನಗರದಿಂದ ಸುಮಾರು 20 ಕಿ.ಮೀ. ದೂರವಿದ್ದು, ಸಂಗೀತ ಕಾರಂಜಿ ಕತ್ತಲಾದ ಮೇಲೆ ನಡೆಯುವುದರಿಂದ ಹಿಂದಿರುಗುವುದು ತಡವಾಗುತ್ತದೆ. ಅಲ್ಲಿಗೆ ಹೋಗುವ ದಿನ ಬೆಳಗಿನ ಕಾರ್ಯಕ್ರಮವನ್ನು ಕೈಬಿಡುವುದು.

8. ದಸರಾ ಸಮಯದಲ್ಲಿ ಬರುವವರಿಗೆ

ವಿಜಯದಶಮಿಯಂದು ಜಂಬೂ ಸವಾರಿಯು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಸಾಗುತ್ತದೆ. ರಸ್ತೆಯ ಎರಡೂ ಬದಿ ಗಂಟೆಗಟ್ಟಲೆ ಮೊದಲೇ ಜನ ತುಂಬಿರುತ್ತಾರೆ. ಒಮ್ಮೆ ನಿಂತ ಮೇಲೆ ಮಗುವಿಗೆ ನೀರಡಿಕೆಯಾದರೂ ಶೌಚಕ್ಕೆ ಅವಸರವಾದರೂ ಹೊರಬರುವುದು ದುಸ್ತರ. ಐದು ವರ್ಷದೊಳಗಿನ ಮಕ್ಕಳನ್ನು ರಸ್ತೆ ಬದಿಯ ಸಂದಣಿಗೆ ಕರೆದೊಯ್ಯದಿರುವಂತೆ ಕೋರಲಾಗಿದೆ. ಅಂತಹ ಕುಟುಂಬಗಳು ವಿಜಯದಶಮಿಗೆ ಮುಂಚಿನ ದಿನಗಳಲ್ಲಿ ಬಂದು ನಗರದ ದೀಪಾಲಂಕಾರ, ಫಲಪುಷ್ಪ ಪ್ರದರ್ಶನ ಹಾಗೂ ಮಕ್ಕಳ ದಸರಾ ಕಾರ್ಯಕ್ರಮಗಳನ್ನು ನೋಡಬಹುದು. ಈ ದಿನಗಳಲ್ಲಿ ಅರಮನೆಯ ಸುತ್ತಲಿನ ಸಂಚಾರ ಮಾರ್ಗಗಳು ಬದಲಾಗುವುದರಿಂದ ಪೊಲೀಸ್ ಇಲಾಖೆಯ ಪ್ರಕಟಣೆಗಳನ್ನು ಗಮನಿಸುವುದು.

9. ನೀರಿನ ಬಳಿ ಎಚ್ಚರಿಕೆ

ಶ್ರೀರಂಗಪಟ್ಟಣದ ಸಂಗಮ, ಬಲಮುರಿ ಮುಂತಾದ ಕಾವೇರಿ ತೀರಗಳಲ್ಲಿ ನೀರು ಶಾಂತವಾಗಿ ಕಾಣುತ್ತದೆ. ಮೇಲ್ಭಾಗದಲ್ಲಿರುವ ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ, ತೀರದಲ್ಲಿ ಮಳೆಯಿಲ್ಲದಿದ್ದರೂ ಹರಿವು ಏರುತ್ತದೆ. ಬಂಡೆಗಳು ಪಾಚಿಯಿಂದ ಜಾರುತ್ತವೆ, ನೀರಿನಡಿಯ ಗುಂಡಿಗಳು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳನ್ನು ನದಿಗೆ ಇಳಿಸಬಾರದು. ರಂಗನತಿಟ್ಟಿನ ನೀರಿನಲ್ಲಿ ಮೊಸಳೆಗಳಿರುವುದರಿಂದ ದೋಣಿಯಿಂದ ಕೈ ಹೊರಚಾಚಲು ಬಿಡಬಾರದು. ನದಿಯಲ್ಲಿ ಪ್ರವಾಹವಿದ್ದಾಗ ಅಲ್ಲಿ ದೋಣಿ ವಿಹಾರವನ್ನು ಸ್ಥಗಿತಗೊಳಿಸಲಾಗುತ್ತದೆ. ಅಂತಹ ಸಂದರ್ಭದಲ್ಲಿ ಸಿಬ್ಬಂದಿಯನ್ನು ಒತ್ತಾಯಿಸಬಾರದಾಗಿ ವಿನಂತಿ.

10. ಮಗು ಕಾಣೆಯಾದಲ್ಲಿ

10.1 ಮುಂಜಾಗ್ರತೆ

ಪ್ರತಿದಿನ ಬೆಳಗ್ಗೆ ಹೊರಡುವ ಮುನ್ನ ಅಂದಿನ ಉಡುಪಿನಲ್ಲಿ ಮಗುವಿನ ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳುವುದು. ಹೆದರಿಕೆಯಲ್ಲಿ ಹೆತ್ತವರಿಗೂ ಅಂಗಿಯ ಬಣ್ಣ ನೆನಪಿಗೆ ಬರುವುದಿಲ್ಲ. ಪೋಷಕರ ಎರಡು ಮೊಬೈಲ್ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಮಗುವಿನ ಜೇಬಿನಲ್ಲಿಡುವುದು. ಮಗುವಿನ ಹೆಸರನ್ನು ಉಡುಪಿನ ಹೊರಗೆ ಕಾಣುವಂತೆ ಬರೆಯಬಾರದು. ಹೆಸರು ಹಿಡಿದು ಕರೆಯುವ ಅಪರಿಚಿತರನ್ನು ಮಕ್ಕಳು ನಂಬುತ್ತಾರೆ. ಪ್ರತಿ ಸ್ಥಳದಲ್ಲೂ ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಮಗುವಿಗೆ ಕೈತೋರಿಸಿ ಹೇಳುವುದು. ಸಮವಸ್ತ್ರದಲ್ಲಿರುವ ಪೊಲೀಸರ ಬಳಿ ಅಥವಾ ಟಿಕೆಟ್ ಕೌಂಟರಿಗೆ ಹೋಗುವಂತೆ ಕಲಿಸುವುದು.

ಹಿರಿಯರು ನಾಲ್ಕಾರು ಜನರಿದ್ದಾಗ ಪ್ರತಿಯೊಬ್ಬರೂ ಮಗು ಮತ್ತೊಬ್ಬರ ಬಳಿ ಇದೆಯೆಂದು ಭಾವಿಸುವ ಸಂಭವ ಹೆಚ್ಚು. ಆದ್ದರಿಂದ ಯಾವ ಮಗು ಯಾರ ಹೊಣೆ ಎಂಬುದನ್ನು ಹೆಸರು ಹೇಳಿ ಗೊತ್ತುಪಡಿಸುವುದು. ಹೊಣೆ ಬದಲಾಗುವಾಗಲೂ ಬಾಯಿಬಿಟ್ಟು ಹೇಳುವುದು.

10.2 ತಕ್ಷಣ ಮಾಡಬೇಕಾದುದು

ಅ) ಒಬ್ಬರು ಮಗು ಕಡೆಯದಾಗಿ ಕಂಡ ಸ್ಥಳದಲ್ಲಿಯೇ ನಿಲ್ಲುವುದು. ಇನ್ನೊಬ್ಬರು ನೇರವಾಗಿ ದ್ವಾರದ ಭದ್ರತಾ ಸಿಬ್ಬಂದಿಗೆ ತಿಳಿಸಿ ಹೊರಹೋಗುವವರ ಮೇಲೆ ನಿಗಾ ಇಡುವಂತೆ ಕೋರುವುದು.

ಆ) 112 ಸಂಖ್ಯೆಗೆ ಕರೆ ಮಾಡುವುದು. ಮಕ್ಕಳ ಸಹಾಯವಾಣಿ 1098. ರೈಲಿನಲ್ಲಿ ಅಥವಾ ನಿಲ್ದಾಣದಲ್ಲಿದ್ದರೆ 139.

ಇ) ಮಗುವಿನ ಅಂದಿನ ಛಾಯಾಚಿತ್ರವನ್ನು ಪೊಲೀಸರಿಗೆ ನೀಡುವುದು.

ಈ) ದೂರು ನೀಡಲು 24 ಗಂಟೆ ಕಾಯಬೇಕೆಂಬ ನಿಯಮವಿಲ್ಲ. ಕಾಣೆಯಾದ ಮಗುವಿನ ಬಗ್ಗೆ ದೂರು ಬಂದಲ್ಲಿ ಪ್ರಥಮ ವರ್ತಮಾನ ವರದಿ ದಾಖಲಿಸಿ ತನಿಖೆ ನಡೆಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ನಿರ್ದೇಶಿಸಿದೆ. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ನೀಡಬಹುದು.

ಪೋಷಕರಿಂದ ಬೇರ್ಪಟ್ಟ ಮಗು ಕಂಡುಬಂದಲ್ಲಿ ಸಾರ್ವಜನಿಕರು ಅದನ್ನು ತಮ್ಮ ಜೊತೆಯಲ್ಲಿ ಕರೆದೊಯ್ಯದೆ, ಅಲ್ಲಿಯೇ ಇರಿಸಿಕೊಂಡು ಪೊಲೀಸರಿಗೆ ಅಥವಾ 1098ಕ್ಕೆ ತಿಳಿಸುವುದು. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಇಂತಹ ಮಾಹಿತಿಯನ್ನು 24 ಗಂಟೆಗಳೊಳಗೆ ನೀಡುವುದು ಪ್ರತಿಯೊಬ್ಬರ ಕರ್ತವ್ಯ.

10.3 ಅನಾರೋಗ್ಯ

ಉಚಿತ ಆಂಬುಲೆನ್ಸ್ ಸೇವೆಗೆ 108. ನಗರದಲ್ಲಿ ತಾಯಂದಿರು ಹಾಗೂ ಮಕ್ಕಳ ಚಿಕಿತ್ಸೆಗೆ ಮೀಸಲಾದ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇದೆ.

11. ವೆಚ್ಚದ ಅಂದಾಜು

ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಇಲ್ಲಿ ಮೊತ್ತಗಳನ್ನು ನೀಡಿಲ್ಲ. ವೆಚ್ಚವನ್ನು ಪ್ರಯಾಣ, ವಸತಿ, ಊಟೋಪಹಾರ, ಪ್ರವೇಶ ಶುಲ್ಕ, ಸ್ಥಳೀಯ ಓಡಾಟ ಹಾಗೂ ಇತರೆ ಎಂದು ಆರು ಶೀರ್ಷಿಕೆಗಳಲ್ಲಿ ಬರೆದುಕೊಂಡು, ಒಟ್ಟು ಮೊತ್ತದ ಹತ್ತನೆಯ ಒಂದು ಭಾಗವನ್ನು ಅನಿರೀಕ್ಷಿತ ವೆಚ್ಚಕ್ಕೆ ಪ್ರತ್ಯೇಕವಾಗಿರಿಸುವುದು.

ಉದಾಹರಣೆಗೆ: ತಂದೆ, ತಾಯಿ, ಅಜ್ಜಿ, 9 ವರ್ಷದ ಮಗಳು ಹಾಗೂ ಐದೂವರೆ ವರ್ಷದ ಮಗ ಇರುವ ಕುಟುಂಬ ಬೆಂಗಳೂರಿನಿಂದ ಬರುತ್ತದೆಂದು ಭಾವಿಸೋಣ. ರೈಲಿನಲ್ಲಿ ಎಲ್ಲರಿಗೂ ಕಾಯ್ದಿರಿಸಿದ ಆಸನ ಬೇಕಾದಲ್ಲಿ 5 ಪೂರ್ಣ ಟಿಕೆಟ್‌ಗಳಾಗುತ್ತವೆ. ರೈಲಿನ ಕಾಯ್ದಿರಿಸದ ಬೋಗಿಯಲ್ಲಿ 3 ಪೂರ್ಣ ಹಾಗೂ 2 ಅರ್ಧ ಟಿಕೆಟ್. ವೇಗದೂತ ಬಸ್ಸಿನಲ್ಲಿ ತಾಯಿ, ಅಜ್ಜಿ ಹಾಗೂ ಮಗಳಿಗೆ ಶೂನ್ಯ ಟಿಕೆಟ್, 6 ವರ್ಷ ತುಂಬದ ಮಗನಿಗೆ ಉಚಿತ. ಹಣ ತೆರಬೇಕಾದುದು ತಂದೆಯ ಒಂದು ಟಿಕೆಟ್‌ಗೆ ಮಾತ್ರ. ಆದರೆ ರೈಲಿನಲ್ಲಿ ಶೌಚಾಲಯವಿರುತ್ತದೆ, ಮಕ್ಕಳು ಎದ್ದು ಓಡಾಡಬಹುದು. ಬಸ್ಸಿನಲ್ಲಿ ಉಳಿಸಿದ ಹಣದಲ್ಲಿ ಅರಮನೆಗೆ ಹತ್ತಿರದ ವಸತಿಯನ್ನು ಆರಿಸಿಕೊಂಡರೆ ಮಧ್ಯಾಹ್ನ ಕೊಠಡಿಗೆ ಮರಳಿ ವಿಶ್ರಮಿಸುವುದು ಸುಲಭವಾಗುತ್ತದೆ. ಯಾವುದು ತಮ್ಮ ಮಕ್ಕಳಿಗೆ ಹೊಂದುತ್ತದೆಂಬುದನ್ನು ಪೋಷಕರೇ ತೀರ್ಮಾನಿಸುವುದು.

ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲ್‌ಗಳನ್ನು ನಿಗಮದ ಜಾಲತಾಣದ ಮೂಲಕ ಕಾಯ್ದಿರಿಸಬಹುದು. ಖಾಸಗಿ ವಸತಿಗೃಹಗಳಲ್ಲಿ ಕಾಯ್ದಿರಿಸುವಾಗ ಎಷ್ಟು ವಯಸ್ಸಿನವರೆಗೆ ಮಕ್ಕಳಿಗೆ ಉಚಿತ, ಹೆಚ್ಚುವರಿ ಹಾಸಿಗೆಯ ದರವೆಷ್ಟು, ರದ್ದುಪಡಿಸಿದರೆ ಹಣ ಮರಳುವುದೇ ಎಂಬುದನ್ನು ಲಿಖಿತವಾಗಿ ಪಡೆಯುವುದು. ಆಟೋರಿಕ್ಷಾ ಚಾಲಕರಾಗಲಿ ಮಾರ್ಗದರ್ಶಿಗಳಾಗಲಿ ಒತ್ತಾಯಪೂರ್ವಕವಾಗಿ ಅಂಗಡಿಗಳಿಗೆ ಕರೆದೊಯ್ದಲ್ಲಿ ನಿರಾಕರಿಸುವ ಹಕ್ಕು ಪ್ರವಾಸಿಗರಿಗಿದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಮಗೆ ಒಂದೇ ದಿನ ಬಿಡುವಿದೆ. ಏನನ್ನು ನೋಡಬಹುದು?
ಉತ್ತರ: ಬೆಳಗ್ಗೆ ಮೃಗಾಲಯ, ಮಧ್ಯಾಹ್ನ 3ರ ನಂತರ ಅರಮನೆ. ಎರಡೂ ಪರಸ್ಪರ ಹತ್ತಿರದಲ್ಲಿವೆ. ಮೂರನೆಯದನ್ನು ಸೇರಿಸದಿರುವುದು ಒಳಿತು.

ಪ್ರಶ್ನೆ: ನಾವು ಮಂಗಳವಾರವೇ ಬರಬೇಕಾಗಿದೆ. ಮಕ್ಕಳಿಗೆ ಏನು ತೋರಿಸಬಹುದು?
ಉತ್ತರ: ಅಂದು ಮೃಗಾಲಯ ಹಾಗೂ ಕಾರಂಜಿ ಕೆರೆಗೆ ರಜೆ. ಬೆಳಗ್ಗೆ ಚಾಮುಂಡಿ ಬೆಟ್ಟ, ಸಂಜೆ ಅರಮನೆ ಅಥವಾ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವನ್ನು ನೋಡಬಹುದು.

ಪ್ರಶ್ನೆ: ಎರಡು ವರ್ಷದೊಳಗಿನ ಮಗುವಿಗೆ ತಳ್ಳುಗಾಡಿ ತರಬೇಕೇ?
ಉತ್ತರ: ಮೃಗಾಲಯದಲ್ಲಿ ಉಪಯೋಗಕ್ಕೆ ಬರುತ್ತದೆ. ಅರಮನೆಯ ಮೆಟ್ಟಿಲುಗಳಲ್ಲಿ ಹಾಗೂ ಬೆಟ್ಟದಲ್ಲಿ ಮಗುವನ್ನು ಎತ್ತಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಮಕ್ಕಳು ದಿನಚರಿಯ ಮಧ್ಯದಲ್ಲಿಯೇ ಸಾಕೆಂದರೆ?
ಉತ್ತರ: ಅಲ್ಲಿಗೇ ನಿಲ್ಲಿಸಿ ಕೊಠಡಿಗೆ ಮರಳುವುದು. ಪ್ರವೇಶ ಚೀಟಿಯ ಹಣ ವ್ಯರ್ಥವಾಯಿತೆಂದು ಮಗುವನ್ನು ಬಲವಂತವಾಗಿ ನಡೆಸಬಾರದು.

13. ಮುಕ್ತಾಯ

ಊರಿಗೆ ಮರಳಿದ ಮೇಲೆ ಮಗು ನೆನಪಿಟ್ಟುಕೊಳ್ಳುವುದು ನೋಡಿದ ಸ್ಥಳಗಳ ಸಂಖ್ಯೆಯನ್ನಲ್ಲ. ಜಿರಾಫೆಯ ಮುಂದೆ ಆತುರವಿಲ್ಲದೆ ನಿಂತ ಹತ್ತು ನಿಮಿಷ ಅದರ ನೆನಪಿನಲ್ಲಿ ಉಳಿಯುತ್ತದೆ. ಕಡಿಮೆ ಸ್ಥಳಗಳು, ಸಾಕಷ್ಟು ವಿಶ್ರಾಂತಿ, ಕೈ ಬಿಡದ ನಿಗಾ, ಈ ಮೂರನ್ನು ಪಾಲಿಸಿ ಎಲ್ಲ ಕುಟುಂಬಗಳೂ ಕ್ಷೇಮವಾಗಿ ಪ್ರವಾಸ ಮುಗಿಸಲೆಂದು ಆಶಿಸಲಾಗಿದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.